ಗಾಜಿನ ಮೇಲಿನ ವಿಭೂತಿ

ಹೊಸ ಕಾರು ಬಂದ ಮೇಲೆ ನಮ್ಮ ಮನೆಯಲ್ಲಿ ಮೊದಲು ಬದಲಾದದ್ದು ಬೆಳಗಿನ ಸದ್ದು. ಹಳೆಯ ಬಿಳಿ ಕಾರು ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ಏಳುತ್ತಿತ್ತು. ಅದು ಎದ್ದಿತೆಂದರೆ ನಾನು ಕಾಫಿಗೆ ನೀರಿಡುತ್ತಿದ್ದೆ. ಹೊಸದು ಸದ್ದೇ ಇಲ್ಲದೆ ಶುರುವಾಗುತ್ತದೆ. ಆಮೇಲೆ ಬೆಲ್ಟು ಹಾಕದಿದ್ದರೆ ಟಿಣ್, ಬಾಗಿಲು ಸರಿಯಾಗಿ ಕೂರದಿದ್ದರೆ ಟಿಣ್, ಗೇಟಿನ ಕಂಬ ಹತ್ತಿರ ಬಂದರೆ ಟಿಣ್ ಟಿಣ್ ಟಿಣ್. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಲೇ ಮನೆಯವರು ಯಾವ ಕಂಬದ ಹತ್ತಿರ ಇದ್ದಾರೆಂದು ನನಗೆ ಗೊತ್ತಾಗುತ್ತಿತ್ತು.

ನಮ್ಮ ಮನೆಯವರು ಕಡೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ನಮ್ಮ ಮದುವೆಗೆ ಮುಂಚಿನಿಂದಲೂ ಅದೇ ಕೆಲಸ. ಹಳೆಯ ಕಾರು ಇನ್ನು ಆಗುವುದಿಲ್ಲ ಎಂದಾದಾಗ ಅಳಿಯಂದಿರು ಹಟ ಹಿಡಿದು, ತಾನಾಗಿ ಬ್ರೇಕು ಹಾಕುವ, ರಸ್ತೆಯ ಗೆರೆ ದಾಟಿದರೆ ಎಚ್ಚರಿಸುವ ಗಾಡಿಯನ್ನೇ ಕೊಡಿಸಿದರು. ಶಿವಮೊಗ್ಗದ ಶೋರೂಮಿನಲ್ಲಿ ಒಬ್ಬ ಹೆಣ್ಣುಮಗಳು ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಕನ್ನಡಿಯ ಹಿಂದೆ ಇದ್ದ ಸಣ್ಣ ಕ್ಯಾಮೆರಾವನ್ನು ತೋರಿಸಿ, "ಸರ್, ನೀವು ನೋಡದೇ ಇದ್ದಿದ್ದನ್ನ ಇದು ನೋಡುತ್ತೆ" ಎಂದಳು. ಮನೆಯವರು ನಕ್ಕರು. ಅವರಿಗೆ ಆ ಮಾತು ಇಷ್ಟವಾಗಲಿಲ್ಲ ಎಂಬುದು ನನಗೆ ಗೊತ್ತಾಯಿತು.

ಇಷ್ಟವಾಗದ್ದಕ್ಕೆ ಕಾರಣವಿತ್ತು. ಅವರ ಬಲಗಣ್ಣು ಮಂಜಾಗುತ್ತಾ ಬಂದಿತ್ತು. ಕೇಳಿದರೆ ಧೂಳು ಅನ್ನುತ್ತಿದ್ದರು. ಊಟಕ್ಕೆ ಕೂತಾಗ ತಟ್ಟೆಯ ಬಲಗಡೆ ಬಡಿಸಿದ ಉಪ್ಪಿನಕಾಯಿ ಹಾಗೇ ಉಳಿಯುತ್ತಿತ್ತು. ಬಾಗಿಲ ಬಲಕ್ಕೆ ಇಟ್ಟ ಚೆಂಬನ್ನು ಒದ್ದು ನೀರು ಚೆಲ್ಲುತ್ತಿದ್ದರು. ನಾನು ಚೆಂಬನ್ನು ಎಡಕ್ಕೆ ಇಡಲು ಶುರು ಮಾಡಿದೆ. ಸಂಕ್ರಾಂತಿ ಕಳೆದ ಮೇಲೆ ಲೈಸೆನ್ಸ್ ಹೊಸದು ಮಾಡಿಸಬೇಕಿತ್ತು; ಅದಕ್ಕೆ ಡಾಕ್ಟರು ಕಣ್ಣು ನೋಡಿ ಬರೆದುಕೊಡಬೇಕು. ಬರೆದುಕೊಡದಿದ್ದರೆ ಗಾಡಿ ಇಲ್ಲ, ಗಾಡಿ ಇಲ್ಲದಿದ್ದರೆ ಅವರು ಬೆಳಿಗ್ಗೆ ಎದ್ದು ಏನು ಮಾಡುತ್ತಾರೆಂದು ನನಗೆ ಊಹಿಸಲೂ ಬರುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲ ಮಾತೂ ಬರುತ್ತಿತ್ತು, ಕಣ್ಣಿನ ಮಾತೊಂದು ಬರುತ್ತಿರಲಿಲ್ಲ.

ರೈಲ್ವೆ ಸ್ಟೇಷನ್ನಿನ ಟ್ಯಾಕ್ಸಿ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲೇ ನಮ್ಮ ಮನೆ. ಬಾಡಿಗೆ ಇಲ್ಲದ ಹೊತ್ತಿನಲ್ಲಿ ಡ್ರೈವರುಗಳು ನಮ್ಮ ಜಗಲಿಗೆ ಬಂದು ಕೂರುತ್ತಾರೆ. ನಾನು ಮಜ್ಜಿಗೆ ಕೊಟ್ಟು, ಬಾಗಿಲ ಒಳಗೆ ಕೂತು ಅಕ್ಕಿ ಆರಿಸುತ್ತಾ ಅವರ ಮಾತು ಕೇಳುತ್ತೇನೆ. ಆಗೆಲ್ಲ ಮಾತು ಈ ಟಿಣ್ ಟಿಣ್ ಗಾಡಿಗಳದ್ದೇ.

ಪ್ರವಾಸಿಗಳನ್ನು ಕೆಮ್ಮಣ್ಣುಗುಂಡಿಗೆ ಕರೆದೊಯ್ಯುವ ಡ್ರೈವರೊಬ್ಬನಿದ್ದ. ಅವನ ಮಾಲೀಕನ ಗಾಡಿಯೂ ಇದೇ ಜಾತಿಯದು. ಅವನಿಗೆ ಅದರ ಮೇಲೆ ಕೆಂಡದಂಥ ಸಿಟ್ಟು.

"ಅಣ್ಣಾ, ಗಾಡಿ ಒಳಗೆ ಅತ್ತೆ ಕೂತಂಗಾಗಿದೆ ಕಣ್ರೀ. ಘಾಟೀಲಿ ಗೆರೆ ಎಲ್ಲಿದೆ? ಇರೋ ಅರ್ಧ ಗೆರೆ ತುಳಿದ್ರೂ ಸ್ಟೇರಿಂಗ್ ಹಿಡ್ದು ಎಳೀತಾಳೆ. ಎದುರಿಗೆ ಬಸ್ಸು ಬತ್ತಿರುತ್ತೆ, ನಾನು ಎಡಕ್ಕೆ ಅಂತೀನಿ, ಅವಳು ಬಲಕ್ಕೆ ಅಂತಾಳೆ."

"ಬೆಲ್ಟಾದ್ರೂ ಹಾಕ್ಕೊತೀಯೇನೋ?" ಎಂದರು ಮನೆಯವರು.

"ಅದಕ್ಕೆ ಬೇರೆ ಕ್ಲಿಪ್ಪು ತಂದು ಸಿಗಿಸ್ಬಿಟ್ಟಿದೀನಿ. ಬೆಲ್ಟು ಹಾಕಿದಾನೆ ಅಂದ್ಕೊಂಡು ಸುಮ್ನಿರ್ತಾಳೆ."

ಇನ್ನೊಬ್ಬರು ಮನೆಯವರ ಹಳೆಯ ಗೆಳೆಯರು. ಮಸೀದಿ ಬೀದಿಯವರು. ಮನೆಯಲ್ಲಿ ದಖ್ಖನಿ ಮಾತಾಡುತ್ತಾರೆ, ನಮ್ಮ ಜಗಲಿಯಲ್ಲಿ ನಮಗಿಂತ ಚೆನ್ನಾಗಿ ಕನ್ನಡದಲ್ಲಿ ಬೈಯುತ್ತಾರೆ. ಅವರ ಗಾಡಿ ಹಳೆಯದು, ಹಾರ್ನು ಬಿಟ್ಟರೆ ಬೇರೇನೂ ಸದ್ದು ಮಾಡುವುದಿಲ್ಲ.

"ಕಿರ್ಚಿದ್ರೆ ಕಿರ್ಚ್ಲಿ ಬಿಡ್ರೋ," ಎಂದರು ಅವರು. "ನಮ್ಮನೇಲೂ ಕಿರ್ಚ್ತಾರೆ. ಹಂಗಂತ ಮನೆ ಬಿಟ್ಟು ಬಂದಿದೀನಾ? ಬ್ರೇಕೂ ಅದೇ ಹಾಕ್ಕೊಂಡು, ಬಾಡಿಗೇನೂ ಅದೇ ಕೇಳ್ಕೊಂಡು ಬಂದ್ರೆ ನಾನು ಆರಾಮಾಗಿ ಮಲಗ್ತೀನಿ."

ಮನೆಯವರು ಮಾತ್ರ ನಗಲಿಲ್ಲ. "ಅಲ್ಲ ಕಣೋ, ನಾನು ಬ್ರೇಕ್ ಹಾಕೋಕೆ ಮುಂಚೆ ಅದು ಹಾಕಿದ್ರೆ, ಹಿಂದೆ ಕೂತೋರು ಏನಂದ್ಕೋತಾರೆ? ಡ್ರೈವರ್‌ಗೆ ಕಣ್ಣು ಕಾಣಲ್ಲ ಅಂತ ತಾನೆ?"

ನಾನು ಆರಿಸಿಟ್ಟ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡೆ.

ಆಯುಧಪೂಜೆಯ ದಿನ ಗಾಡಿಗೆ ಪೂಜೆ ಮಾಡುವುದು ನಮ್ಮಲ್ಲಿ ನನ್ನ ಕೆಲಸ. ತೊಳೆದು, ಹೂವಿನ ಹಾರ ಹಾಕಿ, ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಮುಂದಿನ ಗಾಜಿನ ನೆತ್ತಿಯಲ್ಲಿ ಅಗಲವಾಗಿ ವಿಭೂತಿ ಎಳೆದೆ. ಹಳೆಯ ಕಾರಿಗೂ ಅಲ್ಲೇ ಎಳೆಯುತ್ತಿದ್ದೆ. ಗಾಜಿನ ಒಳಗೆ ಅದೇ ಜಾಗದಲ್ಲಿ ಕ್ಯಾಮೆರಾ ಕೂತಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಮನೆಯವರು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿಕೊಂಡು ಹೋದವರು ಸಂಜೆ ಬಹಳ ಗೆಲುವಾಗಿ ಬಂದರು. ಕ್ಯಾಮೆರಾಕ್ಕೆ ಏನೂ ಕಾಣುತ್ತಿಲ್ಲ, ಬ್ರೇಕು ಹಾಕುವುದೂ ಗೆರೆ ನೋಡುವುದೂ ಸದ್ಯಕ್ಕಿಲ್ಲ ಎಂದು ಗಾಡಿಯೇ ಪರದೆಯ ಮೇಲೆ ತೋರಿಸಿತಂತೆ. ಬೀರೂರಿಗೆ ಹೋಗಿ ಬರುವವರೆಗೂ ಉಸಿರೆತ್ತಲಿಲ್ಲವಂತೆ.

ಒರೆಸಿಬಿಡುತ್ತೇನೆ ಎಂದು ನಾನು ಬಟ್ಟೆ ತಂದೆ.

"ದೇವರದ್ದು ಕಣೇ, ಒರೆಸ್ಬೇಡ, ಇರ್ಲಿ," ಎಂದರು.

ಅಲ್ಲಿಂದ ಮುಂದೆ ಪ್ರತಿ ಸೋಮವಾರ ಅವರೇ ಸ್ನಾನ ಮಾಡಿ ಬಂದು ಗಾಜಿಗೆ ವಿಭೂತಿ ಎಳೆಯತೊಡಗಿದರು. ವಿಭೂತಿ ಗಟ್ಟಿಯೊಂದು ಗಾಡಿಯಲ್ಲೇ ಇರತೊಡಗಿತು. ಮಠಕ್ಕೆ ವರ್ಷಕ್ಕೊಮ್ಮೆ ನಾನು ಹೊರಡಿಸಿದರೆ ಹೋಗುವವರು ಅವರು. ಮಸೀದಿ ಬೀದಿಯ ಗೆಳೆಯರು ಬಿಡುತ್ತಾರೆಯೆ? "ಏನ್ ಸ್ವಾಮೀ, ಗಾಡಿಗೆ ದೀಕ್ಷೆ ಕೊಡ್ಸಿದೀರಂತೆ? ಮೌನವ್ರತ ಹಿಡಿದಿದೆಯಂತೆ?" ಎಂದರು. ಕೆಮ್ಮಣ್ಣುಗುಂಡಿಯವನು ಆ ಗಟ್ಟಿಯಲ್ಲೇ ಒಂದು ಚೂರು ಕೇಳಿ ಇಸಿದುಕೊಂಡು ಹೋದ.

ಹುರುಳಿ ಕಿತ್ತು ಒಣಗಿಸುವ ಕಾಲ ಬಂತು. ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ಒಣಗಿದ ಹುರುಳಿ ಬಳ್ಳಿಯನ್ನು ಡಾಂಬರು ರಸ್ತೆಯ ಮೇಲೇ ಹರಡಿ, ಅಂಚಿಗೆ ಕಲ್ಲಿಟ್ಟು, ಹೋಗಿ ಬರುವ ಗಾಡಿಗಳ ಚಕ್ರದಿಂದಲೇ ಕಾಳು ಬಿಡಿಸಿಕೊಳ್ಳುತ್ತಾರೆ. ಅದು ತಪ್ಪು ಎಂದು ಪೊಲೀಸರು ಹೇಳುತ್ತಿರುತ್ತಾರೆ, ಜನ ಹರಡುತ್ತಿರುತ್ತಾರೆ. ಡ್ರೈವರುಗಳಲ್ಲೂ ಇದಕ್ಕೊಂದು ಮರ್ಯಾದೆ ಇದೆ. ರಾಶಿ ಕಂಡರೆ ತಪ್ಪಿಸಿಕೊಂಡು ಹೋಗಬಾರದು, ಮೇಲೆ ಹತ್ತಿಸಿಕೊಂಡೇ ಹೋಗಬೇಕು. ನಮ್ಮ ಮನೆಯವರು ಅದರಲ್ಲಿ ಧಾರಾಳಿ. ಬಾಡಿಗೆಯವರು ಗಾಡಿಯಲ್ಲಿ ಇಲ್ಲದಿದ್ದರೆ ಹಿಂದಕ್ಕೆ ತಂದು ಇನ್ನೊಂದು ಸಲವೂ ತುಳಿಸಿ ಹೋಗುವವರು.

ಅಜ್ಜಂಪುರದಲ್ಲಿ ನನ್ನ ತಂಗಿಯ ಮೊಮ್ಮಗಳ ನಾಮಕರಣವಿತ್ತು. ಬೆಳಿಗ್ಗೆ ಇಬ್ಬನಿಗೆ ಗಾಜಿನ ವಿಭೂತಿ ಕರಗಿ ಕೆಳಕ್ಕೆ ಸೋರಿ ಸುಣ್ಣ ಬಳಿದ ಗೋಡೆಯಂತಾಗಿತ್ತು. ಮನೆಯವರು ಸ್ನಾನಕ್ಕೆ ಹೋಗಿದ್ದಾಗ ನಾನು ಹಳೆಯ ಪೇಪರು ನೆನೆಸಿ ಗಾಜನ್ನು ಚೊಕ್ಕವಾಗಿ ಒರೆಸಿದೆ. ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ಒರೆಸಿದ್ದಲ್ಲ. ಶುಭಕಾರ್ಯಕ್ಕೆ ಹೋಗುವಾಗ ಕೊಳಕು ಗಾಡಿಯಲ್ಲಿ ಇಳಿಯುವುದು ನನಗೆ ಆಗುವುದಿಲ್ಲ. ಅವತ್ತು ಸೋಮವಾರವೂ ಅಲ್ಲ. ಅವರು ಗಮನಿಸದೆ ಹೊರಟರು.

ಬೀರೂರು ದಾಟಿದ ಮೇಲೆ ಬಿಸಿಲು ಬಲಗಡೆಯಿಂದ ಗಾಜಿಗೆ ಹೊಡೆಯುತ್ತಿತ್ತು. ನಾನು ಅವರ ಪಕ್ಕದಲ್ಲಿ ಕೂತಿದ್ದೆ, ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ ಚೀಲ. ಒಂದು ಹಳ್ಳಿಯ ಹತ್ತಿರ ಹುರುಳಿ ದಪ್ಪವಾಗಿ ಹರಡಿತ್ತು. ಎಡಗಡೆ ಹೊಲದಲ್ಲಿ ನಿಂತಿದ್ದ ರೈತ ಬನ್ನಿ ಬನ್ನಿ ಎಂದು ಕೈ ಮಾಡಿದ. ಮನೆಯವರು ಅವನಿಗೆ ಕೈಯೆತ್ತಿ, ಗಾಡಿಯನ್ನು ನೇರ ರಾಶಿಗೆ ಬಿಟ್ಟರು.

ಆಗ ನನಗೆ ಕಂಡಿತು. ರಾಶಿಯ ಬಲಗಡೆ, ಅದರೊಳಗೇ ಎನ್ನುವಂತೆ, ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು ಸಿಡಿದ ಕಾಳು ಗುಡಿಸುತ್ತಿದ್ದಳು. ಸೀರೆಗೂ ಬಳ್ಳಿಗೂ ಒಂದೇ ಬಣ್ಣ. ನನ್ನ ಬಾಯಿಂದ ಶಬ್ದ ಹೊರಡುವ ಮೊದಲೇ ಗಾಡಿ ಕಿರುಚಿ, ಪರದೆ ಕೆಂಪಾಗಿ, ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ನಿಂತಿತು. ತೆಂಗಿನಕಾಯಿಗಳು ಚೀಲದಿಂದ ಉರುಳಿ ಸೀಟಿನ ಕೆಳಗೆ ಬಂದವು. ಹೆಂಗಸು ಎದ್ದಳು. ತನಗಾಗಿಯೇ ನಿಲ್ಲಿಸಿದರೆಂದು ತಿಳಿದು, ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿ, ಪೊರಕೆ ತೆಗೆದುಕೊಂಡು ಬಲಗಡೆಯ ಇಳಿಜಾರಿಗೆ ಇಳಿದುಹೋದಳು.

ಮನೆಯವರು ಪರದೆಯನ್ನೇ ನೋಡುತ್ತಿದ್ದರು. ಎಡಗಡೆಯಿಂದ ರೈತ ಕೂಗಿದ: "ಹತ್ತಿಸ್ರೀ ಸ್ವಾಮೀ, ಹುರುಳಿ ಏನ್ ಕಚ್ಚಲ್ಲ!"

"ನೋಡಿದ್ಯೇನೇ? ಹುಲ್ಲಿಗೆ ಹೆದರ್ಕೊಳ್ಳೋ ಗಾಡಿ!" ಎಂದು ಅವರು ಗಟ್ಟಿಯಾಗಿ ನಕ್ಕು, ರಾಶಿಯ ಮೇಲೆ ಹತ್ತಿಸಿದರು. ಚಕ್ರದ ಕೆಳಗೆ ಚಟಚಟ ಕಾಳು ಸಿಡಿಯಿತು. ನಾನು ಬಗ್ಗಿ ಕಾಯಿ ಹೆಕ್ಕುತ್ತಿದ್ದೆ. ಎದ್ದು ಕೂರುವ ಹೊತ್ತಿಗೆ ಹೇಳುವ ಗಳಿಗೆ ದಾಟಿಹೋಗಿತ್ತು.

ಗಾಡಿ ನಿಂತದ್ದು ರಾಶಿಗೋ ಅವಳಿಗೋ ನನಗೆ ಗೊತ್ತಿಲ್ಲ. ಹುಲ್ಲು ಕಂಡು ಸುಮ್ಮನೆ ಗಕ್ಕನೆ ನಿಲ್ಲುವುದೂ ಉಂಟು, ಹಿಂದಿನ ಗಾಡಿಯವನು ಬಂದು ಗುದ್ದುವುದೂ ಉಂಟು ಎಂದು ಡ್ರೈವರುಗಳು ಹೇಳುತ್ತಾರೆ. ಇರಬಹುದು. ಗೊತ್ತಿರುವುದು ಇಷ್ಟೇ: ಅವಳು ಅಲ್ಲಿದ್ದಳು, ಮನೆಯವರಿಗೆ ಕಾಣಲಿಲ್ಲ.

ಹುಲ್ಲಿಗೆ ಹೆದರಿದ ಗಾಡಿಯ ಕತೆ ಜಗಲಿಯಲ್ಲಿ ದಿನವೂ ನಡೆಯಿತು. ಒಂದೊಂದು ಸಲಕ್ಕೂ ತೆಂಗಿನಕಾಯಿಗಳು ಹೆಚ್ಚಾದವು, ರೈತನ ಬಾಯಿಗೆ ಹೊಸ ಮಾತು ಬಂತು. ಕೆಮ್ಮಣ್ಣುಗುಂಡಿಯವನು ತೊಡೆ ತಟ್ಟಿಕೊಂಡು ನಗುತ್ತಿದ್ದ. ನನಗೆ ಕೇಳಲಾಗದೆ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಭಾನುವಾರ ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಮುದ್ದೆ ಬಡಿಸಿ ಎದುರಿಗೆ ಕೂತು ಹೇಳಿದೆ: "ರೀ, ಅವತ್ತು ಆ ರಾಶೀಲಿ ಒಬ್ಬಳು ಹೆಂಗಸು ಕೂತಿದ್ಲು."

"ಯಾವ ರಾಶಿ?"

"ಗಾಡಿ ನಿಂತ್ಕೊಂಡಿತಲ್ಲ, ಅದೇ. ಕಾಳು ಗುಡಿಸ್ತಾ ಇದ್ಲು."

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ಸುಳ್ಳು ಹೇಳಬೇಡ ಎನ್ನುತ್ತಾರೆಂದುಕೊಂಡಿದ್ದೆ.

"ಯಾವ್ ಕಡೆ?" ಎಂದರು.

"ಬಲಗಡೆ."

ಸಾರು ಆರಿಹೋಯಿತು. ಕೈ ತೊಳೆದು ಎದ್ದು ಹೋದರು. ಸಂಜೆ ಜಗಲಿಯಲ್ಲಿ ಯಾರೋ ಹೊಸಬರಿಗಾಗಿ ಗೆಳೆಯರು ಆ ಕತೆ ಹೇಳು ಎಂದಾಗ, "ಸಾಕ್ ಬಿಡೋ, ಎಷ್ಟು ಸಲ ಅದನ್ನೇ" ಎಂದದ್ದು ಒಳಗೆ ಕೇಳಿಸಿತು.

ಮರುದಿನ ಸೋಮವಾರ. ಸ್ನಾನ ಮಾಡಿ ಬಂದು ಗಾಡಿಯಿಂದ ವಿಭೂತಿ ಗಟ್ಟಿ ತೆಗೆದರು. ಗಾಜಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಮ್ಮ ಹಣೆಗೆ ಎಳೆದುಕೊಂಡು, ಗಟ್ಟಿಯನ್ನು ಒಳಗೆ ತಂದು ದೇವರ ಗೂಡಿನಲ್ಲಿಟ್ಟರು. ನಾನು ನೋಡದವಳಂತೆ ದೋಸೆ ಮಗುಚಿದೆ.

ನಾಮಕರಣಕ್ಕೆಂದು ನಮ್ಮಿಂದ ಒಯ್ದಿದ್ದ ದೊಡ್ಡ ಪಾತ್ರೆಗಳನ್ನು ತರಲು ಆ ವಾರವೇ ಮತ್ತೆ ಅಜ್ಜಂಪುರಕ್ಕೆ ಹೋಗಬೇಕಾಯಿತು. ಅದೇ ಹಳ್ಳಿ, ಅದೇ ಜಾಗ, ಹೊಸ ರಾಶಿ. ಮನೆಯವರು ಬಹಳ ಮೊದಲೇ ಬ್ರೇಕು ಒತ್ತಿ ನಿಲ್ಲಿಸಿದರು. ಗಾಡಿ ಟಿಣ್ ಎನ್ನಲೂ ಇಲ್ಲ.

"ನೋಡೇ, ಯಾರಾದ್ರೂ ಇದಾರಾ?"

"ಯಾರೂ ಇಲ್ಲ ಕಣ್ರೀ."

"ಸರಿಯಾಗಿ ನೋಡು. ಇಳಿದು ನೋಡು."

ಇಳಿದೆ. ರಾಶಿಯ ಸುತ್ತ ಬಂದು ಬಲಗಡೆಯನ್ನೂ ನೋಡಿದೆ. ಆ ಹೆಂಗಸು ದೂರದಲ್ಲಿ ಟಾರ್ಪಾಲಿನ ಮೇಲೆ ಮೊರದಲ್ಲಿ ಕೇರುತ್ತಿದ್ದವಳು ನನ್ನ ಗುರುತು ಹಿಡಿದು, "ಏನಕ್ಕಾ, ಏನಾದ್ರೂ ಬಿದ್ದೋಯ್ತಾ?" ಎಂದು ಕೂಗಿದಳು.

"ಇಲ್ಲ ಕಣಮ್ಮಾ. ನೀನು ಎಲ್ಲಿದೀಯ ಅಂತ ನೋಡ್ದೆ."

"ಇಲ್ಲೇ ಇದೀನಲ್ಲ! ತುಳಿಸ್ಕೊಂಡ್ ಹೋಗಿ."

ಮನೆಯವರು ಅದನ್ನೆಲ್ಲ ಗಾಜು ಇಳಿಸಿಕೊಂಡು ಕೇಳಿದರು. ನಾನು ಹತ್ತಿದ ಮೇಲೆ ನಿಧಾನವಾಗಿ ರಾಶಿ ದಾಟಿಸಿದರು. ಅಜ್ಜಂಪುರ ಸಿಕ್ಕಿದ ಮೇಲೆ, "ತರೀಕೆರೇಲಿ ಕಣ್ಣಿನ ಡಾಕ್ಟ್ರು ಯಾವ್ ವಾರ ಬರ್ತಾರಂತೆ?" ಎಂದರು.

ತರೀಕೆರೆಗೆ ಹೋಗುವ ದಿನ ಮಸೀದಿ ಬೀದಿಯ ಗೆಳೆಯರು ಬಂದರು. ಕಣ್ಣಿಗೆ ಔಷಧಿ ಬಿಟ್ಟರೆ ವಾಪಸು ಬರುವಾಗ ಗಾಡಿ ಓಡಿಸಲಾಗುವುದಿಲ್ಲ ಎಂದು ಅವರನ್ನು ಕರೆದಿದ್ದೆವು. ಆದರೆ ಹೋಗುವಾಗಲೇ ಮನೆಯವರು ಕೀಲಿ ಅವರ ಕೈಗೆ ಕೊಟ್ಟು ಎಡಗಡೆ ಕೂತರು. ನಾನು ಹಿಂದೆ. ತಮ್ಮದೇ ಗಾಡಿಯಲ್ಲಿ ಅವರು ಎಡಗಡೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಂದೆ ಲಾರಿ ಕಂಡಾಗೆಲ್ಲ ಅವರ ಬಲಗಾಲು ಅಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಬೀರೂರು ದಾಟಿ ಹೆದ್ದಾರಿಯಲ್ಲಿ ಗೆಳೆಯರು ಒಂದು ಲಾರಿಯನ್ನು ಹಿಂದೆ ಹಾಕಲು ಬಲಕ್ಕೆ ಸರಿದರು. ಟಿಣ್ ಟಿಣ್ ಎಂದು ಸ್ಟೇರಿಂಗು ನಡುಗಿತು.

"ಯಾ ಅಲ್ಲಾ! ಏನಿದು, ಕೈ ಹಿಡ್ದು ಎಳೀತಿದೆ!"

"ಇಂಡಿಕೇಟರ್ ಹಾಕೋ. ಹಾಕಿದ್ರೆ ಸುಮ್ನಿರುತ್ತೆ."

"ಓಹೋ, ಅತ್ತೆ ಪಾರ್ಟಿ ಸೇರ್ಬಿಟ್ರಾ?"

ಮನೆಯವರು ಅಂಗೈಯಿಂದ ಎಡಗಣ್ಣನ್ನು ಮುಚ್ಚಿಕೊಂಡು, ಬಲಗಣ್ಣೊಂದರಲ್ಲೇ ರಸ್ತೆ ನೋಡುತ್ತಾ ಕೂತರು. ಬಹಳ ಹೊತ್ತು ಹಾಗೇ ಇದ್ದರು. ಗೆಳೆಯರು ತಮಾಷೆ ನಿಲ್ಲಿಸಿದರು.

"ಏನ್ ಕಾಣುತ್ತಣ್ಣಾ?"

"ಹಾಲು ಚೆಲ್ಲಿದಂಗೆ ಕಾಣುತ್ತೆ ಕಣೋ."

"ಮುಂದಿರೋ ಲಾರಿ?"

"ಯಾವ್ ಲಾರಿ?"

ಗೆಳೆಯರು ವೇಗ ಇಳಿಸಿದರು. ತರೀಕೆರೆಯ ತಿರುವು ಬರುವುದಕ್ಕೆ ಇನ್ನೂ ಸಾಕಷ್ಟು ದೂರವಿತ್ತು. ಆಗಲೇ ಇಂಡಿಕೇಟರು ಹಾಕಿಕೊಂಡರು.