ಡಿಕ್ಕಿಯಲ್ಲಿ ತಂದ ಸೊಪ್ಪು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳಿಗೆ, ಅಂಗಿಯ ತೋಳಿನೊಳಗೆ ಚೀಟಿ ಇಟ್ಟುಕೊಂಡ ಮಗುವೇ ಪರೀಕ್ಷೆಯ ದಿನ ಎಲ್ಲರಿಗಿಂತ ಮುಗ್ಧವಾಗಿ ನಗುತ್ತದೆ ಎಂಬುದು ಗೊತ್ತಿರುತ್ತದೆ. ತರಕಾರಿಯವನ ತಕ್ಕಡಿ, ಹಾಲಿನವಳ ಅಳತೆ, ಟೈಲರು ಉಳಿಸಿಕೊಳ್ಳುವ ಬಟ್ಟೆಯ ತುಂಡು, ಎಲ್ಲದರ ಮೇಲೂ ನನಗೊಂದು ಕಣ್ಣು. 'ನಿನಗೆ ನಿನ್ನ ನೆರಳಿನ ಮೇಲೂ ಅನುಮಾನ' ಎಂದು ನಮ್ಮನೆಯವರು ರೇಗಿಸುತ್ತಿದ್ದರು. ನೆರಳಿನ ಮೇಲೆ ಇತ್ತೋ ಏನೋ, ನನ್ನ ಮೇಲೆ ಮಾತ್ರ ಇರಲಿಲ್ಲ.

ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ವರ್ಷ ನಮ್ಮ ಮನೆಗೆ ಕಾರು ಬಂತು. ಅಮೆರಿಕದ ಕಂಪನಿಯದು, ಬಿಳಿ ಬಣ್ಣ, ಸೆಕೆಂಡ್ ಹ್ಯಾಂಡ್. ನಮ್ಮನೆಯವರು ಗೌರಿಬಿದನೂರಿನ ಕಚೇರಿಯೊಂದರಲ್ಲಿ ಗುಮಾಸ್ತರು. ದಿನಾ ಬಸ್ಸಿನಲ್ಲಿ ನೇತಾಡಿ ಬೇಸತ್ತಿದ್ದರು. 'ಬೆಂಗಳೂರಿನ ಡಾಕ್ಟರ್ ಓಡಿಸಿದ ಗಾಡಿ ಮೇಡಂ. ಆಸ್ಪತ್ರೆ, ಮನೆ, ಅಷ್ಟೇ' ಎಂದ ಬ್ರೋಕರು. ಈ ದೇಶದಲ್ಲಿ ಮಾರಾಟಕ್ಕೆ ಬರುವ ಹಳೆಯ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ. ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆಂದು ನನಗೆ ಆಗಲೂ ಖಾತ್ರಿ, ಈಗಲೂ ಖಾತ್ರಿ. ಕ್ಲಚ್ ಪೆಡಲಿನ ರಬ್ಬರು ಸವೆದು ಬೋಳಾಗಿತ್ತು. ಆದರೂ ಕೊಂಡೆವು. ಬಾಗಿಲು ಹಾಕಿದರೆ 'ದಪ್' ಎಂದು ತೂಕದ ಸದ್ದು ಬರುತ್ತಿತ್ತು, ನಮ್ಮನೆಯವರು ಆ ಸದ್ದಿಗೇ ಮರುಳಾದರು.

ಮಾವನವರಿಗೆ ಮಾತ್ರ ಕಂಪನಿಯ ಹೆಸರು ಕೇಳಿಯೇ ಮುಖ ಗಂಟಾಯಿತು. ಅವರದು ಚಿಂತಾಮಣಿ. ಯುದ್ಧದ ಕಾಲದಲ್ಲಿ ಅವರ ತಂದೆ ಓಡಿಸುತ್ತಿದ್ದ ಬಸ್ಸೂ ಇದೇ ಕಂಪನಿಯದು. ಪೆಟ್ರೋಲ್ ಸಿಗದೆ, ಬಸ್ಸಿನ ಬೆನ್ನಿಗೆ ಒಲೆಯಂಥ ಡ್ರಮ್ಮು ಕಟ್ಟಿ, ಇದ್ದಿಲು ಸುಟ್ಟು, ಆ ಅನಿಲದಲ್ಲೇ ಓಡಿಸುತ್ತಿದ್ದರಂತೆ. ಏರು ಬಂದರೆ ಜನ ಇಳಿದು ತಳ್ಳಬೇಕು. ಅಷ್ಟಾದರೂ ಅದು ಗಟ್ಟಿ ಗಾಡಿ ಎಂದು ಅವರ ತಂದೆ ಎತ್ತನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದರು. ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ, ನಮ್ಮ ಸರ್ಕಾರದ ಹೊಸ ಕಾನೂನು ಸರಿಹೋಗದೆ, ಕಂಪನಿಯವರು ಅಂಗಡಿ ಮುಚ್ಚಿಕೊಂಡು ಹಡಗು ಹತ್ತಿದರು. ಒಂದು ಗೇರ್ ಚಕ್ರಕ್ಕೆ ಮದರಾಸಿನವರೆಗೆ ಅಲೆದು, ಸಿಗದೆ, ಕುಲುಮೆಯಲ್ಲಿ ಬಡಿಸಿ ಹಾಕಿದ್ದು ಮೂರೇ ದಿನಕ್ಕೆ ಮುರಿಯಿತು. ಬಸ್ಸು ಕೋಳಿಗೂಡಾಯಿತು.

'ಒಂದ್ಸಲ ಎದ್ದು ಹೋದೋರು ಕಣಮ್ಮ ಅವರು' ಎಂದರು ಮಾವ. 'ತೊಂಬತ್ತರ ಮೇಲೆ ಮತ್ತೆ ಬಂದವ್ರೆ. ಮತ್ತೆ ಹೋಗಲ್ಲ ಅಂತ ಏನು ಗ್ಯಾರಂಟಿ?'

ಅವರು ಹೇಳಿದ ಹಾಗೇ ಆಯಿತು. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಕಂಪನಿ ಎರಡನೇ ಸಲವೂ ಎದ್ದು ಹೋಯಿತು. ಆದರೆ ನಮಗೆ ಕಾರಿದ್ದ ಕಾಲದಲ್ಲಿ ಅದು ಬರೀ ಭಯ, ಭಯವನ್ನು ಬೆಳೆಸುವುದರಲ್ಲಿ ನನ್ನದು ಎತ್ತಿದ ಕೈ. ಸರ್ವೀಸಿಗೆ ಬೆಂಗಳೂರಿಗೇ ಹೋಗಬೇಕಿತ್ತು. ಬ್ಯಾಟರಿ, ಸ್ಟೆಪ್ನಿ, ಕಣ್ಣಿಗೆ ಕಾಣುವ ಭಾಗಗಳಿಗೆಲ್ಲ ನಾನು ಕೆಂಪು ನೇಲ್ ಪಾಲಿಶ್‌ನಲ್ಲಿ ಚುಕ್ಕೆ ಇಟ್ಟು ಕಳಿಸುತ್ತಿದ್ದೆ, ಅದಲು ಬದಲು ಮಾಡಿದರೆ ಗೊತ್ತಾಗಲಿ ಎಂದು. ಅಲ್ಲಿಗೆ ಬರುತ್ತಿದ್ದ ಉಳಿದ ಮಾಲೀಕರೂ ನನ್ನಂಥವರೇ. ಕಾಫಿ ಕೊಟ್ಟು ಸೋಫಾದಲ್ಲಿ ಕೂರಿಸಿದರೂ ಯಾರೂ ಕೂರುತ್ತಿರಲಿಲ್ಲ. ಗಾಜಿನ ಗೋಡೆಗೆ ಮೂಗು ಒತ್ತಿಕೊಂಡು ತಂತಮ್ಮ ಗಾಡಿ ಕಾಯುತ್ತಿದ್ದರು.

ಅವರಲ್ಲಿ ಒಬ್ಬರು ಚಿಂತಾಮಣಿಯ ಟೊಮೆಟೊ ಮಂಡಿಯವರು. ಅಮೆರಿಕದ ಕಾರು ಕಂಪನಿಗಳು ಅಲ್ಲಿನ ಸರ್ಕಾರದ ಮುಂದೆ ಕೈಯೊಡ್ಡಿ ನಿಂತಿವೆ ಎಂದು ದಿನವೂ ಟಿವಿಯಲ್ಲಿ ಬರುತ್ತಿದ್ದ ಆ ಚಳಿಗಾಲದಲ್ಲಿ ಅವರು ನನಗೊಂದು ಬುದ್ಧಿ ಹೇಳಿದರು.

'ಈ ಗಾಡಿ ವೈರು ಅಂದ್ರೆ ಇಲಿಗೆ ಪಂಚಪ್ರಾಣ ಮೇಡಂ. ನಂದು ಒಂದ್ಸಲ ಕಡಿದು ಹಾಕ್ತು, ವೈರು ಬರೋಕೆ ಎರಡು ತಿಂಗಳು. ಇನ್ನು ಕಂಪನಿನೇ ಮುಳುಗಿದ್ರೆ ಎಲ್ಲಿಂದ ತರ್ತೀರಾ? ಹೊಗೆಸೊಪ್ಪು ಕಟ್ಟಿಡಿ. ವಾಸನೆಗೆ ಇಲಿ ಹತ್ರ ಸುಳಿಯಲ್ಲ.'

ಮಾತು ನ್ಯಾಯವಾಗಿ ಕಂಡಿತು. ಅಂಗಡಿಯಿಂದ ಹೊಗೆಸೊಪ್ಪು ತಂದು, ಹಳೆಯ ಪಂಚೆಯ ತುಂಡಿನಲ್ಲಿ ಎರಡು ಗಂಟು ಕಟ್ಟಿ, ಒಂದನ್ನು ಎಂಜಿನ್ ಪಕ್ಕ, ಇನ್ನೊಂದನ್ನು ಡಿಕ್ಕಿಯ ಚಾಪೆಯ ಕೆಳಗೆ ಇಟ್ಟೆ.

ನನ್ನ ಅಕ್ಕನನ್ನು ಕೊಟ್ಟಿದ್ದು ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ. ರೇಷ್ಮೆ ಹುಳು ಸಾಕುವ ಮನೆ. ನಾವು ಹುಟ್ಟಿದ್ದೂ ಅಂಥದೇ ಮನೆಯಲ್ಲಿ. ಅಕ್ಕನ ಮನೆಯಲ್ಲಿ ಅವಳು, ಭಾವ, ಅವಳ ಅತ್ತೆ, ಮೂವರೇ. ಆ ಮುದುಕಿ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಹಾಕುವವರು. ಹೊಗೆಸೊಪ್ಪಿನ ಸೋಂಕು ತಗುಲಿದರೆ ಹುಳು ಉಳಿಯುವುದಿಲ್ಲ, ಈ ಸೀಮೆಯ ಹಸುಳೆಗೂ ಗೊತ್ತಿರುವ ಮಾತು. ಬೀಡಿ ಸೇದಿದವರನ್ನು ನಮ್ಮಪ್ಪ ಹುಳುಮನೆಯ ಹೊಸಿಲು ದಾಟಿಸುತ್ತಿರಲಿಲ್ಲ. ಮುದುಕಿಯೂ ತನ್ನ ಚಟ ತಿಳಿದು ಹುಳುಮನೆಯ ಕಡೆ ತಲೆ ಹಾಕದೆ, ಜಗಲಿಯ ಮೇಲೆ ತನ್ನ ಎಲೆಅಡಿಕೆ ಚೀಲದೊಂದಿಗೆ ಇದ್ದುಬಿಟ್ಟಿದ್ದರು.

ಆ ಜನವರಿಯಲ್ಲಿ ಅಕ್ಕನ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ; ನಾಲ್ಕನೆಯದು ಕಳೆದ ಮೇಲೆ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅದೇ ಹೊತ್ತಿಗೆ ಬೋರಿನ ಮೋಟರು ಸುಟ್ಟು, ತೋಟದ ಹಿಪ್ಪುನೇರಳೆ ಬಾಡಿತು. ಚಿಂತಾಮಣಿ ರಸ್ತೆಯ ಹಳ್ಳಿಯೊಂದರಲ್ಲಿ ಸೊಪ್ಪು ಸಿಗುತ್ತದೆ, ತರಲು ಗಾಡಿಯಿಲ್ಲ ಎಂದು ಅಕ್ಕ ಫೋನು ಮಾಡಿದಳು. ಅಂದು ಭಾನುವಾರ. ನಾನೇ ಕಾರು ತೆಗೆದುಕೊಂಡು ಹೊರಟೆ.

ಹೊರಡುವ ಮೊದಲು ಡಿಕ್ಕಿಯ ನೆನಪಾಯಿತು. ಅಷ್ಟು ಬುದ್ಧಿ ಇತ್ತು. ಎಂಜಿನ್ ಪಕ್ಕದ್ದನ್ನೂ ಚಾಪೆಯ ಕೆಳಗಿನದನ್ನೂ ತೆಗೆದು ದೂರ ಎಸೆದೆ, ಕೈ ಸೋಪಿನಲ್ಲಿ ತೊಳೆದೆ, ಚಾಪೆ ಒದರಿ, ಮೇಲೆ ಒಗೆದ ಗೋಣಿ ಹಾಸಿದೆ. ಡಿಕ್ಕಿಯ ಗಂಟು ಕೈಗೆ ಹಗುರವೆನಿಸಿತು. ಅಂಗಡಿಯವನು ತೂಕದಲ್ಲಿ ಮೋಸ ಮಾಡಿದ್ದಾನೆ ಅಂದುಕೊಂಡೆ. ಗಂಟು ಬಿಚ್ಚಿ ನೋಡಲಿಲ್ಲ.

ಹಿಂದಿನ ಸೀಟಿಗೆ ಅರ್ಧ, ಡಿಕ್ಕಿಗೆ ಅರ್ಧ ಸೊಪ್ಪು ತುಂಬಿ ತಂದೆ. ಒದ್ದೆ ಗೋಣಿ ಹೊದಿಸಿದ್ದರಿಂದ ಎಲೆ ಒಂದಿಷ್ಟೂ ಬಾಡಿರಲಿಲ್ಲ. ಅಕ್ಕ ಎಲೆ ಮುಟ್ಟಿ ನೋಡಿ, 'ನೀನಿಲ್ದಿದ್ರೆ ಇವತ್ತು ಹುಳು ಉಪವಾಸ ಕಣೇ' ಎಂದಳು. ನನಗೆ ಹೆಮ್ಮೆಯೋ ಹೆಮ್ಮೆ. ಕೈ ಸಾಲದೆ ಮುದುಕಿಯೂ ಎದ್ದು ಬಂದು ನಾಲ್ಕು ಹೊರೆ ಇಳಿಸಿಕೊಟ್ಟರು.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಟಾಗ ಅಕ್ಕನ ಫೋನು ಬಂತು. 'ಹುಳು ಹೋಯ್ತು ಕಣೇ' ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ರಜೆ ಹಾಕಿ ಹೋದೆ. ಹುಳುಮನೆಯಲ್ಲಿ ಒಂದು ಬದಿಯ ತಟ್ಟೆಗಳಲ್ಲಿ ಹುಳು ಸರಸರ ಮೇಯುತ್ತಿದ್ದವು. ಇನ್ನೊಂದು ಬದಿಯಲ್ಲಿ ಸದ್ದಿಲ್ಲ. ಬೆರಳುದ್ದದ ಹುಳುಗಳು ತಲೆ ಎತ್ತಿ ಹಿಡಿದು, ಕಂದು ನೀರು ಕಾರಿ ಸೆಟೆದಿದ್ದವು. ಇನ್ನೈದಾರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಾದವು. ಅಕ್ಕ ತಟ್ಟೆಯ ಪಕ್ಕ ಕೂತು ಒಂದೊಂದನ್ನೇ ಅಂಗೈ ಮೇಲಿಟ್ಟುಕೊಂಡು ನೋಡುತ್ತಿದ್ದಳು.

ನನಗೆ ಥಟ್ಟನೆ ಹೊಳೆದದ್ದು ಪಕ್ಕದ ದ್ರಾಕ್ಷಿ ತೋಟ. 'ಅವ್ರೇ ಔಷಧಿ ಹೊಡೆದಿರ್ಬೇಕು, ಗಾಳಿಗೆ ಬಂದೈತೆ, ಹೋಗಿ ಕೇಳಿ ಭಾವ' ಎಂದೆ. ಭಾವ ಹೋಗಿ ಕೂಗಾಡಿ ಬಂದರು. ತೋಟದವರು ಹದಿನೈದು ದಿನದಿಂದ ಔಷಧಿ ಮುಟ್ಟಿರಲಿಲ್ಲ.

ಅಷ್ಟರಲ್ಲಿ ರೇಷ್ಮೆ ಇಲಾಖೆಯವರೊಬ್ಬರು ಬಂದರು. ಹುಳು ನೋಡಿದವರೇ, 'ಇದು ಔಷಧಿಯಲ್ಲ, ಹೊಗೆಸೊಪ್ಪು' ಎಂದರು. 'ಮನೇಲಿ ಯಾರಾದ್ರೂ ಹಾಕ್ತಾರಾ?'

ಭಾವ ಅಕ್ಕನ ಮುಖ ನೋಡಿದರು. ಮಾತಾಡಿದ್ದು ನಾನು. 'ಅತ್ತೆ ಹಾಕ್ತಾರೆ. ನಿನ್ನೆ ಸೊಪ್ಪು ಮುಟ್ಟಿದ್ರು.'

ಕಾಪಿ ಹೊಡೆಯುವ ಮಗುವನ್ನು ಹಿಡಿದಾಗ ಬರುವಂಥದೇ ಗೆಲುವು ನನ್ನ ದನಿಯಲ್ಲಿತ್ತು. ಮುದುಕಿ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. 'ತೊಳ್ಕೊಂಡೇ ಮುಟ್ಟಿದ್ನಲ್ಲಮ್ಮ' ಎಂದರು. ಅಕ್ಕ ಬೈಯಲಿಲ್ಲ. 'ಇನ್ಮೇಲೆ ಈ ಕಡೆ ಬರಬೇಡಿ ಅತ್ತೆ' ಎಂದಷ್ಟೇ ಹೇಳಿ, ಸತ್ತ ಹುಳುಗಳನ್ನು ಮಂಕರಿಗೆ ತುಂಬತೊಡಗಿದಳು.

ಮುಂದಿನ ಶನಿವಾರ ಕಾರಿನ ಟೈರು ಪಂಕ್ಚರಾಯಿತು. ಸ್ಟೆಪ್ನಿ ತೆಗೆಯಲು ಡಿಕ್ಕಿಯ ಚಾಪೆಯನ್ನೂ ಅದರ ಕೆಳಗಿನ ಹಲಗೆಯನ್ನೂ ಎತ್ತಿದೆ. ಟೈರಿನ ಸುತ್ತ, ಗುಂಡಿಯ ತುಂಬ, ಹಲಗೆಯ ಸಂದಿನಲ್ಲಿ ಎಲ್ಲೆಲ್ಲೂ ಹೊಗೆಸೊಪ್ಪಿನ ಪುಡಿ, ಅದರೊಳಗೆ ಪಂಚೆಯ ನೂಲುಗಳು, ಇಲಿಯ ಹಿಕ್ಕೆ. ಯಾವ ಇಲಿಯನ್ನು ಓಡಿಸಲು ಗಂಟು ಕಟ್ಟಿದೆನೋ ಅದೇ ಇಲಿ ಗಂಟು ಕಡಿದು ಎಳೆದಾಡಿತ್ತು. ಗಾಡಿ ಕುಲುಕಿದಾಗಲೆಲ್ಲ ಆ ಪುಡಿ ಸಂದಿನಿಂದ ಮೇಲೆದ್ದು, ಒದ್ದೆ ಗೋಣಿಯಿಂದ ನೆಂದ ಸೊಪ್ಪಿಗೆ ಅಂಟಿತ್ತು. ಡಿಕ್ಕಿಯ ಹೊರೆಗಳನ್ನು ಹೊತ್ತು ಒಳಗಿಟ್ಟವಳು ನಾನೇ. ಯಾವ ಬದಿಗೆ ಎಂದು ನೆನಪಿತ್ತು. ಸದ್ದಡಗಿದ ಬದಿಗೆ.

ರಸ್ತೆಯ ಪಕ್ಕ ಕೂತುಬಿಟ್ಟೆ. ತಾನು ಕಳ್ಳ ಪರರ ನಂಬ ಎನ್ನುತ್ತಾರೆ. ಕಳ್ಳಿಗೆ ತಾನು ಕಳ್ಳಿ ಎಂದಾದರೂ ಗೊತ್ತಿರುತ್ತದೆ, ನನಗೆ ಅದೂ ಇರಲಿಲ್ಲ.

ಮರುದಿನ ಬಸ್ಸು ಹತ್ತಿ ಹೋದೆ. ಅಕ್ಕ, ಭಾವ ತೋಟದಲ್ಲಿದ್ದರು. ಮುದುಕಿ ಜಗಲಿಯಲ್ಲಿ ಒಬ್ಬರೇ ಕೂತು ಬರಿ ಬಾಯಿ ಆಡಿಸುತ್ತಿದ್ದರು. ಎಲೆಅಡಿಕೆ ಚೀಲವನ್ನು ಅಂದೇ ಒಲೆಗೆ ಹಾಕಿದ್ದರಂತೆ. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಇಲಿ, ಗಂಟು, ಡಿಕ್ಕಿ. ಅಕ್ಕ ಬಂದ ಕೂಡಲೇ ಅವಳಿಗೂ ಹೇಳುತ್ತೇನೆ ಎಂದೆ.

ಮುದುಕಿ ತಮ್ಮ ಮನೆಮಾತು ತೆಲುಗಿನಲ್ಲಿ, 'ಪೋನೀಲೇಮ್ಮಾ' ಎಂದರು. ಹೋಗಲಿ ಬಿಡು.

'ಅದೆಂಗಾಗುತ್ತೆ ಅತ್ತೆ? ನಿಮ್ಮ ಮೇಲೆ ಬಂದೈತಲ್ಲ.'

'ತಪ್ಪು ನಂದು ಅಂದ್ರೆ ನಿಮ್ಮಕ್ಕ ನಾಕು ದಿನ ಮುಖ ತಿರುಗಿಸ್ತಾಳೆ, ಆಮೇಲೆ ಊಟಕ್ಕಂತೂ ಇಕ್ತಾಳೆ. ನಾನೆಲ್ಲಿಗೆ ಹೋಗ್ಲಿ, ಅವಳೆಲ್ಲಿಗೆ ಹೋಗ್ಲಿ? ನೀನು ಬೇರೆ ಮನೆಯೋಳು. ಅವಳಿಗೆ ತವರು ಅಂತ ಉಳಿದಿರೋಳು ನೀನೊಬ್ಳೇ. ನಿಮ್ಮಕ್ಕಂದು ಕಲ್ಲು ಮನಸ್ಸು, ನಂಗೊತ್ತು. ಸುಮ್ನಿರು.'

ಸುಮ್ಮನಿದ್ದೆ. ಅಕ್ಕ ಬಂದು ಕಾಫಿ ಕೊಟ್ಟಳು, ಕುಡಿದು ಬಂದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಈ ಮುದುಕಿಗೆ ಇದರಿಂದ ಏನು ಬೇಕಾಗಿದೆ? ಯಾವತ್ತಾದರೂ ಒಂದು ದಿನ ಕೇಳಿಯೇ ಕೇಳುತ್ತಾರೆ, ಇಲ್ಲವೇ ಜಗಳದಲ್ಲಿ ಎತ್ತಿ ಆಡುತ್ತಾರೆ ಎಂದು ಕಾದೆ. ಹಬ್ಬಕ್ಕೆ ಸೀರೆ ಕೊಟ್ಟೆ, ಸಣ್ಣ ಮಗುವಿಗೆ ಉಡಿಸುವಂತೆ ನನ್ನ ಕೈಯಲ್ಲೇ ಉಡಿಸಿಕೊಂಡು ನಕ್ಕರು. ಏನೂ ಕೇಳಲಿಲ್ಲ. ಕೇಳದಿದ್ದಷ್ಟೂ ನನ್ನ ಅನುಮಾನ ಹೆಚ್ಚಾಯಿತು. ಯಾರಾದರೂ ಹೊಸಬರು ಹುಳುಮನೆ ನೋಡಲು ಬಂದರೆ ಅಕ್ಕ, 'ನಮ್ಮತ್ತೆ ಕೈಯಿಂದ ಒಂದು ಬೆಳೆ ಹೋಯ್ತು, ಹೊಗೆಸೊಪ್ಪು ಹಾಕೋರು ಹೊರಗೇ ಇರಿ' ಎನ್ನುತ್ತಿದ್ದಳು, ಜಗಲಿಗೆ ಕೇಳಿಸುವಂತೆ. ಮುದುಕಿ ತಲೆಯಾಡಿಸುತ್ತಿದ್ದರು.

ಒಂದು ವರ್ಷವೂ ತುಂಬಲಿಲ್ಲ, ಮುದುಕಿ ತೀರಿಕೊಂಡರು. ಜ್ವರ ಎಂದು ಮಲಗಿದವರು ಏಳಲಿಲ್ಲ.

ಹನ್ನೊಂದನೆಯ ದಿನ ತಿಥಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯ ಮೇಲೆ ಎಡೆ ಇಡುವುದು ನಮ್ಮಲ್ಲಿ ರೂಢಿ. ಮುದ್ದೆ, ಬಸ್ಸಾರು, ಒಬ್ಬಟ್ಟು, ಎಲೆಅಡಿಕೆ ಎಲ್ಲ ಇಟ್ಟಾಯಿತು. ನೆಂಟರ ಪೈಕಿ ಹಿರಿಯರೊಬ್ಬರು, 'ಹೊಗೆಸೊಪ್ಪು ಇಡ್ರಮ್ಮ, ಅದಿಲ್ದಿದ್ರೆ ಅವಳು ಎಡೆ ಮುಟ್ತಾಳಾ?' ಎಂದರು.

'ಅದೊಂದು ಬೇಡ' ಎಂದಳು ಅಕ್ಕ. 'ಅದ್ರಿಂದಾನೇ ಈ ಮನೆ ಬೆಳೆ ಹೋಗಿದ್ದು. ಕೊನೇಗಾದ್ರೂ ಅದಿಲ್ದೆ ಹೋಗ್ಲಿ.'

ಎಡೆಯ ಮುಂದೆ ಮುದುಕಿಯ ಫೋಟೊ ಇತ್ತು. ಅದರಲ್ಲೂ ಅವರ ಒಂದು ಕೆನ್ನೆ ಉಬ್ಬಿತ್ತು. ಸತ್ತವರು ಇನ್ನು ಯಾರ ಬಳಿಯೂ ಏನೂ ಕೇಳುವುದಿಲ್ಲ, ನಾನು ಪೂರ್ತಿ ಪಾರಾಗಿದ್ದೆ. ಆದರೂ ನನಗೆ ತಡೆಯಲಾಗಲಿಲ್ಲ.

'ಆ ಬೆಳೆ ಹೋಗಿದ್ದು ನನ್ನ ಕಾರಿಂದ ಅಕ್ಕ' ಎಂದೆ. ನೆಂಟರೆಲ್ಲರ ಮುಂದೆ, ಜಗಲಿಯಲ್ಲಿ ಹೇಳಿದ್ದಷ್ಟನ್ನೂ ಮತ್ತೆ ಹೇಳಿದೆ. ಮುದುಕಿಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ.

ಅಕ್ಕ ಸೆರಗು ಸಿಕ್ಕಿಸಿಕೊಂಡು ತಾನೇ ಅಂಗಡಿಗೆ ನಡೆದು ಹೋಗಿ, ಹೊಗೆಸೊಪ್ಪು ತಂದು, ಎಲೆಅಡಿಕೆಯ ಪಕ್ಕ ಇಟ್ಟಳು. ನೆಲಕ್ಕೆ ಹಣೆ ಹಚ್ಚಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ, ಭಾವ ಹೋಗಿ ಎಬ್ಬಿಸಬೇಕಾಯಿತು. ಆಮೇಲೆ ಪಂಕ್ತಿಯಲ್ಲಿ ಬಡಿಸುತ್ತ ಬಂದವಳು ನನ್ನ ಎಲೆ ದಾಟಿ ಮುಂದಿನವರಿಗೆ ಬಡಿಸಿದಳು. ನನಗೆ ಭಾವ ತಂದು ಬಡಿಸಿದರು.

ಅಂದಿನಿಂದ ಅಕ್ಕ ನಮ್ಮ ಮನೆಯ ಹೊಸಿಲು ತುಳಿದಿಲ್ಲ. ಆ ಮುದುಕಿಗೆ ನನ್ನಿಂದ ಬೇಕಾಗಿದ್ದದ್ದು ಏನೂ ಇರಲಿಲ್ಲ. ಇದೊಂದು ಆಗದಿರಲಿ ಎಂದು ಅವರು ಅಷ್ಟು ದಿನ ಬಾಯಿ ಕಟ್ಟಿಕೊಂಡು ಕೂತಿದ್ದರು.