ಬಿದ್ದ ಹಲ್ಲಿ, ಜಾರಿದ ಹಲ್ಲಿ

ಹಲ್ಲಿ ಕಂಡರೆ ನನಗೆ ಹೆದರಿಕೆಯೇನೂ ಇಲ್ಲ. ಹಲ್ಲಿ ಇರುವ ಕೋಣೆಯಲ್ಲಿ ನಾನು ಇರುವುದಿಲ್ಲ, ಅಷ್ಟೆ. ಮದರಾಸಿನ ಕ್ರೋಂಪೇಟೆಯ ನಮ್ಮ ಮನೆಯಲ್ಲಿ ಸಂಜೆಯಾದರೆ ಹಾಲಿನ ಟ್ಯೂಬ್‌ಲೈಟಿನ ಸುತ್ತ ಅವುಗಳ ಪಂಕ್ತಿಭೋಜನ. ಆ ಹೊತ್ತಿಗೆ ನಾನು ವರಾಂಡಕ್ಕೆ ಕುರ್ಚಿ ಎಳೆದುಕೊಂಡಿರುತ್ತೇನೆ. ಅಲ್ಲಿಂದ ನಾನೇನಾದರೂ ಹೇಳಿದಾಗ ಒಳಗಿನಿಂದ ಹಲ್ಲಿ ಲೊಚಗುಟ್ಟುವುದುಂಟು. ನನ್ನ ಮಾತನ್ನು ಹೌದೆನ್ನುವ ಬೇರೆ ಜೀವ ಮನೆಯಲ್ಲಿ ಇಲ್ಲವಾದ್ದರಿಂದ ಅಷ್ಟರಮಟ್ಟಿಗೆ ಅದರ ಮೇಲೆ ವಿಶ್ವಾಸವೂ ಇದೆ.

ಅಸೂಯೆಯೂ ಇದೆ ಎನ್ನಬೇಕು. ನಾನು ಹತ್ತಿರದ ಗಿಂಡಿ ಬಡಾವಣೆಯಲ್ಲಿ ಅಂಟು ಟೇಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ನಾವು ಅಷ್ಟೊಂದು ಗೋಂದು ಕುದಿಸಿ, ಬಳಿದು, ಒಣಗಿಸಿ ಸಾಧಿಸುವುದನ್ನು ಹಲ್ಲಿ ಒಂದು ತೊಟ್ಟು ಗೋಂದೂ ಇಲ್ಲದೆ ಸಾಧಿಸುತ್ತದೆ. ಅದರ ಪಾದದಡಿ ಕಣ್ಣಿಗೆ ಕಾಣದಷ್ಟು ನವಿರಾದ ರೋಮಗಳಿವೆಯಂತೆ. ಅವು ಗೋಡೆಗೆ ಎಷ್ಟು ಹತ್ತಿರ ಹೋಗುತ್ತವೆಂದರೆ, ಗೋಡೆಯ ಅಣುವೂ ಪಾದದ ಅಣುವೂ ಒಂದನ್ನೊಂದು ಎಳೆದು ಹಿಡಿಯುತ್ತವೆ. ಗುಟ್ಟೆಲ್ಲ ಆ ಹತ್ತಿರದಲ್ಲಿದೆ. ನಡುವೆ ಒಂದು ತೆಳ್ಳನೆಯ ನೀರಿನ ಪೊರೆ ಬಂದರೆ ಸಾಕು, ಹಿಡಿತ ಹೋಯಿತು. ಹಾಗಂತ ನೀರು ಯಾವಾಗಲೂ ಬಿಡಿಸುವ ವಸ್ತು ಎಂದೂ ಅಲ್ಲ. ಒದ್ದೆಯಾದ ಎರಡು ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಇಟ್ಟು ಆಮೇಲೆ ಬೇರೆ ಮಾಡಲು ನೋಡಿ, ತಿಳಿಯುತ್ತದೆ. ನೀರು ಯಾರ ನಡುವೆ ಬಂತು, ಎಷ್ಟು ಬಂತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮಳೆಗಾಲದಲ್ಲಿ “ಟೇಪು ನಿಲ್ತಾ ಇಲ್ಲ” ಎಂದು ಗಿರಾಕಿಗಳು ಫೋನಿನಲ್ಲಿ ಕೂಗಾಡಿದಾಗ ನಾನು ಹೇಳುವುದು ಒಂದೇ ಮಾತು: “ಒರೆಸಿ ಅಂಟಿಸಿ ಸಾರ್.”

ಇಷ್ಟು ವಿದ್ಯೆ ಒಂದು ದಿನ ನನ್ನ ಮನೆಯ ಬಚ್ಚಲಿನಲ್ಲಿ ಕೆಲಸಕ್ಕೆ ಬಂತು.

ಆ ವಾರ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ನನ್ನ ಹೆಂಡತಿ ವಸುಧೆಯ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಡಾಕ್ಟರು ಸೂಜಿ ಹಾಕಿ ಅದರಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟು ಇನ್ನೂ ಬರಬೇಕಿತ್ತು. ಅದು ಏನಿರಬಹುದು ಎಂಬ ಮಾತನ್ನು ನಾವಿಬ್ಬರೂ ಆಡಲಿಲ್ಲ. ಮೆಂತ್ಯ ಮುಗಿದಿದೆ, ಹಾಲಿನವನು ಬರಲಿಲ್ಲ ಎಂಬಂಥ ಮಾತುಗಳನ್ನು ಮಾತ್ರ ವಿಪರೀತ ಆಡಿದೆವು.

ರಿಪೋರ್ಟು ಬರುವ ಹಿಂದಿನ ದಿನ ಬೆಳಗ್ಗೆ ಬಚ್ಚಲಿನಿಂದ ಒಂದು ಕಿರುಚು ಕೇಳಿತು. ಓಡಿಹೋದೆ. ವಸುಧೆ ಒದ್ದೆ ತಲೆಗೆ ಟವಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಹಲ್ಲಿ ರೀ. ನೆತ್ತಿ ಮೇಲೆ ಬಿತ್ತು.”

ಕಾಲೇಜಿಗೆ ಹೊರಟಿದ್ದ ಮಗಳು ಶೂ ಹಾಕಿಕೊಳ್ಳುತ್ತಲೇ ತನ್ನ ಮಾಮೂಲಿನ ತಮಿಳಿನಲ್ಲಿ, “ಪಲ್ಲಿ ತಾನೇಮ್ಮಾ, ಕಡಿಕ್ಕಾದು!” ಎಂದಳು. ಹಲ್ಲಿ ತಾನೇ, ಕಚ್ಚುವುದಿಲ್ಲ ಎಂದು. ಬೇರೆ ದಿನವಾಗಿದ್ದರೆ ವಸುಧೆಯೂ ಅದನ್ನೇ ಹೇಳುತ್ತಿದ್ದಳು. ಬ್ಯಾಂಕಿನಲ್ಲಿ ಅಧಿಕಾರಿ, ರಾಹುಕಾಲದಲ್ಲಿ ಹೊಸ ಸೀರೆ ಉಟ್ಟು ಹೊರಡುವ ಹೆಂಗಸು. ಅವತ್ತು ಮಾತ್ರ ಅವಳ ಮುಖ ಬಿಳಿಚಿಕೊಂಡಿತ್ತು. ಅವಳು ನೋಡುತ್ತಿದ್ದುದು ನನ್ನನ್ನಲ್ಲ, ನನ್ನ ಹಿಂದೆ ಬಂದು ನಿಂತಿದ್ದ ಪದ್ದತ್ತೆಯನ್ನು.

ಪದ್ದತ್ತೆ ನನ್ನ ತಂದೆಯ ತಂಗಿ. ನಮ್ಮದು ತಲೆಮಾರುಗಳಿಂದ ಮದರಾಸಿನಲ್ಲೇ ಬೇರು ಬಿಟ್ಟ ವೈಷ್ಣವ ಮನೆತನ. ತಿರುವಲ್ಲಿಕ್ಕೇಣಿಯ ಓಣಿಯಲ್ಲಿ ಹುಟ್ಟಿದ ಅತ್ತೆ ಕೆಲವು ವರ್ಷಗಳಿಂದ ನಮ್ಮೊಡನೆ ಇದ್ದಾಳೆ. ಪಂಚಾಂಗದಲ್ಲಿ ಹಲ್ಲಿ ಬಿದ್ದ ಫಲ ಎಂಬ ಪುಟವೊಂದಿರುತ್ತದಲ್ಲ, ಅದು ಅವಳಿಗೆ ಬಾಯಿಪಾಠ. ಭುಜಕ್ಕೆ ಇಂಥದ್ದು, ಮೂಗಿಗೆ ಇಂಥದ್ದು, ಗಂಡಸಿಗೆ ಬಲಗಡೆ, ಹೆಂಗಸಿಗೆ ಎಡಗಡೆ. ಬಂಧುಗಳು ಊರೂರಿಂದ ಫೋನು ಮಾಡಿ ಕೇಳುತ್ತಾರೆ. ಕೆಟ್ಟದ್ದಿದ್ದರೂ ಅವಳು ಮುಚ್ಚಿಡುವವಳಲ್ಲ. ಒಮ್ಮೆ ನನ್ನ ಬೆನ್ನ ಮೇಲೆ ಬಿದ್ದಾಗ, “ನಷ್ಟ ಕಣೋ, ಅನುಭವಿಸು” ಎಂದು ಹೇಳಿ ಬತ್ತಿ ಹೊಸೆಯಲು ಕೂತಿದ್ದಳು. ನೆತ್ತಿಗೆ ಏನು ಫಲವೆಂದು ನನಗೂ ಗೊತ್ತಿತ್ತು, ವಸುಧೆಗೂ ಗೊತ್ತಿತ್ತು. ಅದು ನಾವು ಆ ವಾರವೆಲ್ಲ ಆಡದೆ ಬಿಟ್ಟಿದ್ದ ಮಾತೇ.

“ಅತ್ತೆ, ನೆತ್ತಿಗೆ…” ಎಂದು ವಸುಧೆ ಶುರು ಮಾಡಿದಳು. ಮುಂದೆ ಕೇಳಲಿಲ್ಲ.

ಅತ್ತೆ ಬಾಯಿ ತೆರೆಯುವ ಮುಂಚೆ ನಾನು ನುಗ್ಗಿದೆ. ಏನು ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದು ನನ್ನ ಕಸುಬು. ಮೇಜಿನಿಂದ ಟೇಪಿನ ಸುರುಳಿ ತಂದೆ. ಗೀಸರಿನ ಬಿಸಿನೀರಿನ ಹಬೆಗೆ ಬಚ್ಚಲಿನ ಟೈಲ್ಸ್ ಮೇಲಿನಿಂದ ಕೆಳಗಿನವರೆಗೂ ಬೆವರಿತ್ತು. ಒಂದು ತುಂಡು ಟೇಪನ್ನು ಆ ಒದ್ದೆ ಗೋಡೆಗೆ ಒತ್ತಿದೆ. ಅದು ಹಾಗೇ ಸುರುಟಿಕೊಂಡು ಕೆಳಗೆ ಬಿತ್ತು. ಪಕ್ಕದ ಟೈಲನ್ನು ಪಂಚೆಯ ಅಂಚಿನಿಂದ ಒರೆಸಿ ಇನ್ನೊಂದು ತುಂಡು ಒತ್ತಿದೆ. ಉಗುರು ಹಾಕಿ ಎಳೆದರೂ ಬರಲಿಲ್ಲ.

“ನೋಡಿದ್ರಾ? ಹಲ್ಲಿ ಕಾಲೂ ಹೀಗೇನೇ. ಒಣಗಿದ್ರೆ ಹಿಡಿಯುತ್ತೆ. ನಡುವೆ ನೀರು ಬಂದ್ರೆ ಪಾದಕ್ಕೆ ಗೋಡೆ ಸಿಗೋಲ್ಲ. ಮೇಲಿನ ಮೂಲೇಲಿ ಇತ್ತು, ಹಬೆ ಬಂತು, ಜಾರ್ತು. ಕೆಳಗೆ ಯಾರಿದಾರೆ ಅಂತ ಅದಕ್ಕೇನು ಗೊತ್ತು?”

ಕಾರ್ಖಾನೆಗೆ ಬರುವ ಟ್ರೈನಿಗಳ ಮುಂದೆಯೂ ನಾನು ಇಷ್ಟು ತನ್ಮಯನಾಗಿ ಪಾಠ ಮಾಡಿದವನಲ್ಲ. ವಿಜ್ಞಾನ ವಸುಧೆಗೆ ಗೊತ್ತಿಲ್ಲದ್ದೇನಲ್ಲ. ಆ ಹೊತ್ತಿಗೆ ಅದು ಸಾಲುತ್ತಿರಲಿಲ್ಲ.

ಅತ್ತೆ ಕನ್ನಡಕ ಸರಿಮಾಡಿಕೊಂಡು ಬಿದ್ದ ಟೇಪನ್ನು ನೋಡಿದಳು. ನಿಂತ ಟೇಪನ್ನು ತಾನೂ ಒಮ್ಮೆ ಎಳೆದು ನೋಡಿದಳು.

“ಹಾಗಾದ್ರೆ ಅದು ಬೀಳಲಿಲ್ಲ?”

“ಜಾರ್ತು ಅತ್ತೆ.”

“ಹೌದಾ? ಸರಿಯಾಗಿ ಹೇಳು. ಬಿತ್ತೋ, ಜಾರ್ತೋ?”

“ಜಾರ್ತು. ಸಂದೇಹವೇ ಇಲ್ಲ.”

ಅತ್ತೆ ವಸುಧೆಯ ಕಡೆ ತಿರುಗಿದಳು. “ತಾನಾಗಿ ಬಿದ್ರೆ ಫಲ ಕಣಮ್ಮ. ಜಾರಿದ್ದಕ್ಕೆ ಫಲ ಇಲ್ಲ, ಸ್ನಾನ ಮಾಡಿದ್ರೆ ಸಾಕು. ನೀನು ಹೇಗೂ ಸ್ನಾನದಲ್ಲೇ ಇದ್ಯಲ್ಲ! ಹೋಗು, ತಲೆ ಒರೆಸಿಕೋ, ಶೀತವಾದೀತು.”

ವಸುಧೆ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ನಕ್ಕಳು. ನಕ್ಕವಳು ಅಲ್ಲೇ ಬಾಗಿಲಿಗೆ ಒರಗಿ ಸ್ವಲ್ಪ ಅತ್ತಳು. ಅತ್ತೆ ಟವಲಿನ ತುದಿ ಹಿಡಿದು ಅವಳ ತಲೆ ಒರೆಸತೊಡಗಿದಳು. ನಾನು ಅಲ್ಲಿ ಬೇಕಾಗಿರಲಿಲ್ಲವಾದ್ದರಿಂದ ಟೇಪು ಹಿಡಿದುಕೊಂಡು ಹೊರಗೆ ಬಂದೆ.

ಮರುದಿನ ಸಂಜೆ ಡಾಕ್ಟರು ರಿಪೋರ್ಟು ತೆರೆದು ಓದುವಷ್ಟು ಹೊತ್ತು ನಾನು ಅವರ ಹುಬ್ಬುಗಳನ್ನೇ ನೋಡುತ್ತಿದ್ದೆ. ಅವು ಅಲುಗಲಿಲ್ಲ. “ಬಯಪ್ಪಡ ಒಣ್ಣುಮಿಲ್ಲೆಮ್ಮಾ” ಎಂದರು, ಹೆದರುವಂಥದ್ದೇನೂ ಇಲ್ಲ ಎಂದು. ಸಾದಾ ಗಂಟು, ಆಗಾಗ ಬಂದು ತೋರಿಸಿದರೆ ಸಾಕು. ನಾನು ಅವರಿಗೆ ನಮಸ್ಕಾರ ಮಾಡಿ, ಪಕ್ಕದ ನರ್ಸಿಗೂ ಮಾಡಿ, ಹೊರಡುವ ಭರದಲ್ಲಿ ತೂಕದ ಯಂತ್ರವನ್ನು ಎಡವಿ ಅದಕ್ಕೂ “ಸಾರಿ” ಎಂದೆ.

ರಸ್ತೆಗೆ ಬಂದಾಗ ವಸುಧೆ ಹೇಳಿದ ಮೊದಲ ಮಾತು, “ರೀ, ಹಸಿವು.” ಎದುರಿಗೇ ಒಂದು ಉಡುಪಿ ಹೋಟೆಲಿತ್ತು. ಅವಳು ಮಸಾಲೆ ದೋಸೆ ತಿಂದು, ಇನ್ನೊಂದು ತರಿಸಿಕೊಂಡು, ನನ್ನ ತಟ್ಟೆಯ ವಡೆಗೂ ಕೈ ಹಾಕಿದಳು. ಉಡುಪಿಯವರ ಸಾಂಬಾರು ಎಂದಾದರೂ ಖಾರ ಇರುವುದುಂಟೆ? ಆದರೂ ನಾನು ಖಾರವೆಂದು ದೂರುತ್ತ ಕಣ್ಣೊರೆಸಿಕೊಂಡೆ.

ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತೆ, “ನಾನು ನಿನ್ನೇನೇ ಹೇಳಲಿಲ್ವೆ?” ಎಂದು ಒಳಗೆ ಹೋದಳು. ಹಿಂದೆಯೇ ಹೋಗಿ ನೋಡಿದರೆ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಗೋಡೆಗೆ ಒರಗಿ ಕೂತಿದ್ದಳು. ಎರಡು ದಿನ ಅವಳು ಸರಿಯಾಗಿ ಊಟ ಮಾಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಆದರೂ ನನ್ನ ಚಪಲ ಸುಮ್ಮನಿರಬೇಕಲ್ಲ.

“ಅತ್ತೆ, ಜಾರಿದ ಹಲ್ಲಿಗೆ ಫಲ ಇಲ್ಲ ಅಂತ ಯಾವ ಶಾಸ್ತ್ರದಲ್ಲಿದೆ?”

ಅತ್ತೆ ದೀಪದ ಬತ್ತಿಯನ್ನು ಒಂದಿಷ್ಟು ಮುಂದಕ್ಕೆ ತಳ್ಳಿದಳು.

“ಶಾಸ್ತ್ರ ಬರೆದೋರ ಕಾಲದಲ್ಲಿ ಟೈಲ್ಸ್ ಎಲ್ಲಿತ್ತೋ?” ಎಂದಳು. “ಇದ್ದಿದ್ರೆ ಬರೀತಿದ್ರು.”