ಅಣ್ಣನಿಗೆಂದು ಹಿಡಿದ ಮರಳ ಮೀನು

ಅಣ್ಣನ ಹೊಟ್ಟೆಯ ಆಪರೇಷನ್ ಆಗಿ ವಾರಗಳು ಕಳೆದರೂ ಗಾಯ ಮಾಯಲಿಲ್ಲ. ಇನ್ನು ಮಾಡುವುದೇನೂ ಉಳಿದಿಲ್ಲವೆಂದು ಡಾಕ್ಟರು ಹೇಳಿದ ದಿನ, ಪರೇಲಿನ ಆಸ್ಪತ್ರೆಯಿಂದ ಮನೆಗೆ ಬರುವ ಲೋಕಲ್‌ನಲ್ಲಿ ಅಣ್ಣನ ಹೆಂಡತಿ, ವೈನಿ, ನನ್ನ ಪಕ್ಕ ಕೂತಿದ್ದರು. “ಮರಳ ಮೀನಿನ ಸಾರು ಕುಡಿಸಿದ್ರ ಗಾಯ ಮಾಯ್ತೈತಂತ,” ಎಂದರು.

“ತರ್ತೀನ್ರಿ ವೈನಿ,” ಎಂದೆ.

ವಿಜಯಪುರದ ಕಡೆಯಿಂದ ಬಂದು ಭಾಂಡುಪಿನಲ್ಲಿ ವೆಲ್ಡರ್ ಆಗಿದ್ದ ಅಣ್ಣನಿಗೆ ಭಾನುವಾರವೆಂದರೆ ಪವಯಿ ಕೆರೆ, ಜೊತೆಗೆ ನಾನು. ಮರಳವೆಂಬ ಹಾವಿನ ತಲೆಯ ಈ ಮೀನನ್ನು ಹಿಡಿಯಲು ನನಗೆ ಕಲಿಸಿದವನೂ ಅವನೇ. ಮರಳ ಕಳೆಯೊಳಗೆ ಅಲುಗಾಡದೆ ಕೂತಿರುತ್ತದೆ. ಆದರೆ ಉಸಿರಿಗೆ ಮೇಲೆ ಬರಲೇಬೇಕು. “ಗುಳ್ಳಿ ಎದ್ದಲ್ಲೆ ಕಣ್ಣಿಡು. ಅದರ ಮುಂದ ಗಾಳದ ಕಪ್ಪಿ ಕುಣಸು. ಕಚ್ಚಿದ ಕೂಡ್ಲೇ ಎಳೀಬ್ಯಾಡ,” ಎನ್ನುತ್ತಿದ್ದ.

ರಜೆ ಹಾಕಿ ಕೆರೆಗೆ ಹೋದೆ. ನೀರು ನಾರುತ್ತಿತ್ತು, ಅಂತರಗಂಗೆಯ ಕಳೆ ದಂಡೆಯವರೆಗೂ ಹಬ್ಬಿತ್ತು. ಎರಡು ಸಲ ಬರಿಗೈಯಲ್ಲಿ ಬಂದೆ. ಮತ್ತೊಂದು ಬೆಳಿಗ್ಗೆ ಎಲೆಗಳ ನಡುವೆ ಗುಳ್ಳೆಯೆದ್ದಿತು. ಕಪ್ಪೆ ಬಿದ್ದದ್ದೇ ತಡ, ನೀರು ಸಿಡಿಯಿತು. ದಾರ ಬಿಗಿಯುವವರೆಗೂ ಕಾದು ಎಳೆದೆ. ಮೊಣಕೈಯುದ್ದದ ಮೀನು. ಒದ್ದೆ ಚೀಲದಲ್ಲಿ ಸುತ್ತಿ ತಂದರೆ, ಮನೆಯ ಬಕೆಟ್ಟಿನಲ್ಲೂ ಬಾಲ ಬಡಿಯುತ್ತಿತ್ತು.

ವೈನಿ ಅದಕ್ಕೆ ಬೂದಿ ತಿಕ್ಕಿ ಕೊಯ್ದರು. ಕೊಯ್ದ ಮೇಲೂ ತುಂಡುಗಳು ಅದುರಿದವು. “ಎಷ್ಟ ಜೀವ ಐತಿ ಇದಕ್ಕ! ಇದರಾಗಿನ ಅರ್ಧಾನರ ಅವರಿಗೆ ಬರಬಾರದೇನು?” ಎಂದು ಈಳಿಗೆಯ ಮುಂದೆಯೇ ಅತ್ತರು.

ಆಸ್ಪತ್ರೆಯಲ್ಲಿ ಒಬ್ಬರನ್ನೇ ಒಳಗೆ ಬಿಡುತ್ತಿದ್ದರು. ವೈನಿ ಕೆಳಗೆ ಉಳಿದು, “ನಿಂದಾದ್ರ ಮಾತ ಕೇಳ್ತಾರ, ನೀನ ಕುಡಿಸು,” ಎಂದು ಸಾರಿನ ಡಬ್ಬಿ ಕೊಟ್ಟು ನನ್ನನ್ನು ಕಳಿಸಿದರು. ಮೊದಲ ಚಮಚವೇ ಅಣ್ಣನ ತುಟಿಯಂಚಿನಿಂದ ಇಳಿದು ದಿಂಬಿಗೆ ಹರಿಯಿತು. ಒರೆಸಿದೆ.

“ಕೆರೀದೇನು?”

“ಹೂಂ.”

“ದೊಡ್ಡದಿತ್ತೇನು?”

ಕೈ ಚಾಚಿ ಅಳತೆ ತೋರಿಸಿದೆ. ಅವನ ಕಣ್ಣು ಒಂದು ಗಳಿಗೆ ಹೊಳೆಯಿತು. ನಾನು ಮತ್ತೆ ಚಮಚ ಎತ್ತಿದಾಗ ಕೈ ಹಿಡಿದ. “ಸಾಕು. ಅಕಿಗೆ ಇನ್ನ ಆಸೆ ಹಚ್ಚಬ್ಯಾಡೋ ತಮ್ಮಾ.”

ಕೆಳಗೆ ಬಂದಾಗ ವೈನಿ ಓಡಿ ಬಂದರು. “ಕುಡದ್ರೇನು?” ಎನ್ನುತ್ತಲೇ ಡಬ್ಬಿಗೆ ಕೈಹಾಕಿದರು. ಅದರ ಭಾರ ತಿಳಿದದ್ದೇ ಅದನ್ನು ಸೆರಗಿನಡಿ ಹಿಡಿದು ಗೇಟಿನತ್ತ ನಡೆದರು.

ಅದೇ ವಾರ ಅಣ್ಣ ಹೋದ. ಈಗ ವಾರದ ಉಳಿದ ದಿನ ಫೋರ್ಟಿನ ಆಫೀಸಿಗೆ ಹೋಗಿಬರುತ್ತೇನೆ. ಭಾನುವಾರ ಮಾತ್ರ ಎದ್ದು ಮುಖ ತೊಳೆದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ.